ಜೋಡಿಬಿಂದಿಗೆ ಸೋಪು ಬಿಟ್ಟ ಬೀದಿ

ಅವತ್ತು ನಮ್ಮ ಹಿತ್ತಿಲ ಬಾವಿಕಟ್ಟೆಯ ಬಳಿ ನಾಲ್ವರು ಹೆಂಗಸರಿದ್ದೆವು. ನಮ್ಮತ್ತೆ, ಬೀದಿಯ ಅರ್ಧ ಮಕ್ಕಳನ್ನು ತನ್ನ ಕೈಯಿಂದಲೇ ಭೂಮಿಗೆ ಇಳಿಸಿದ್ದ ಪಕ್ಕದ ಮನೆ ಅಜ್ಜಿ, ಎದುರು ಮನೆಯ ದರ್ಜಿಯ ಹೆಂಡತಿ, ಮತ್ತು ಮದುವೆಯಾಗಿ ಎಂಟು ತಿಂಗಳಾಗಿದ್ದ ನಾನು. ಹಗ್ಗದ ಮೇಲೆ ಅತ್ತೆಯ ರೇಷ್ಮೆ ಸೀರೆ ಒಣಗುತ್ತಿತ್ತು. ನಾಲ್ವರೂ ಅದನ್ನೇ ನೋಡುತ್ತಿದ್ದೆವು.

ಹೊಳಲ್ಕೆರೆಯ ಆ ಬೀದಿಯಲ್ಲಿ ರೇಷ್ಮೆ ಸೀರೆ ಇದ್ದದ್ದೇ ಕೆಲವರಿಗೆ. ಅತ್ತೆಗೆ ಒಂದೇ ಒಂದು. ನಮ್ಮ ಮದುವೆಗೆಂದು ಮೊಳಕಾಲ್ಮೂರಿಗೆ ಹೋಗಿ ತಂದದ್ದು. ನೇರಳೆ ಒಡಲು, ಅರಿಶಿನ ಬಣ್ಣದ ಅಂಚು. ಈಗ ಅದರ ನೆರಿಗೆಯ ಕಡೆ ಮೊರದಗಲ ಜಾಗ ಬೂದಿಯ ಹಾಗೆ ಬಿಳಿಚಿಕೊಂಡಿತ್ತು. ಅಂಚಿನ ಬಣ್ಣ ಇಳಿದು ಒಡಲಿನೊಳಗೆ ಹರಿದಿತ್ತು. ಅಜ್ಜಿ ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿ, ನೂಲಿನ ಜೀವವೇ ಹೋಗಿದೆ ಅಂದಳು.

ಅತ್ತೆ ಕೂಗಾಡುವವಳಲ್ಲ. ನನ್ನ ಕಡೆ ತಿರುಗಿ ಕೇಳಿದಳು: "ಯಾವುದ್ರಾಗೆ ಒಗದ್ಯವ್ವ ಇದನ್ನ?"

"ಜೋಡಿಬಿಂದಿಗೆ ಸೋಪಿನಾಗೆ ಅತ್ತೆ," ಅಂದೆ.

ಆ ಉತ್ತರದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸೋಪು ಹಾಕಿದ್ದು ನಿಜ. ಅದಾದ ಮೇಲೆ ಇನ್ನೇನು ಹಾಕಿದೆ ಎಂಬುದನ್ನು ಹೇಳಲಿಲ್ಲ, ಅಷ್ಟೇ.

ನಡೆದದ್ದು ಹೀಗೆ. ಹಿಂದಿನ ದಿನ ಒಂದು ನಾಮಕರಣದ ಊಟದಲ್ಲಿ ಒಬ್ಬಟ್ಟಿನ ತುಪ್ಪ ಅತ್ತೆಯ ನೆರಿಗೆಯ ಮೇಲೆ ಚೆಲ್ಲಿತ್ತು. ಬೆಳಿಗ್ಗೆ ಆ ಸೀರೆಯನ್ನು ಅವಳೇ ನನ್ನ ಕೈಗೆ ಕೊಟ್ಟಳು. ಹಿಂಡಬೇಡ, ಕಲೆಯಾದಲ್ಲಿ ಮಾತ್ರ ಜೋಡಿಬಿಂದಿಗೆಯಲ್ಲಿ ಮೆಲ್ಲಗೆ ಉಜ್ಜು ಅಂದಳು. ಮಗಳಿಗೂ ಮುಟ್ಟಲು ಕೊಡದ ಸೀರೆ ಅದು. ನನಗೆ ಕೊಟ್ಟಳಲ್ಲ ಎಂದು ನಾನು ನೆಲದ ಮೇಲೆ ನಿಂತಿರಲಿಲ್ಲ. ಎರಡು ಸಲ ಸೋಪು ಹಚ್ಚಿದೆ. ಕಲೆ ತೆಳುವಾಯಿತು, ಪೂರಾ ಹೋಗಲಿಲ್ಲ. ಮೂರನೆಯ ಸಲ ಹಚ್ಚಿದ್ದರೆ ಹೋಗುತ್ತಿತ್ತೋ ಏನೋ. ನನಗೆ ತಾಳ್ಮೆಯಿರಲಿಲ್ಲ, ಅತ್ತೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಲೆಯ ಗುರುತೇ ಇರಬಾರದು ಅನ್ನಿಸಿತು. ಬಚ್ಚಲಿನ ಗೂಡಿನಲ್ಲಿ, ಸೌದೆಯ ಹಿಂದೆ ಬಚ್ಚಿಟ್ಟಿದ್ದ ಚೌಳು ಮಣ್ಣಿನ ಗಂಟನ್ನು ಬಿಚ್ಚಿದೆ.

ನನ್ನ ತವರು ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಯ ಕಡೆ. ಕುರಿ ಮತ್ತು ಹೊಲ, ಎರಡನ್ನೂ ನೆಚ್ಚಿಕೊಂಡ ಮನೆ. ಬೇಸಿಗೆಯಲ್ಲಿ ಹಳ್ಳದ ದಂಡೆಯ ನೆಲ ಉಪ್ಪು ಉಗುಳಿದ ಹಾಗೆ ಬೆಳ್ಳಗಾಗುತ್ತದೆ. ಮೇಲೆ ಎದ್ದ ಆ ಬಿಳಿ ಹೊಪ್ಪಳೆಯನ್ನು ಪೊರಕೆಯಿಂದ ಗುಡಿಸಿ ತಂದರೆ ಅದೇ ನಮ್ಮ ಸೋಪು. ಬಿಸಿನೀರಿಗೆ ಹಾಕಿ ಬಟ್ಟೆ ನೆನೆಸಿ, ಕಲ್ಲಿಗೆ ಒಗೆದರೆ ಕುರಿಯ ಜಿಡ್ಡು ಹತ್ತಿದ ಪಂಚೆಯೂ ಬೆಳ್ಳಗಾಗುತ್ತಿತ್ತು. ನನ್ನಜ್ಜಿಗೆ ಅದರ ಮೇಲೆ ದೇವರ ಮೇಲಿನಷ್ಟೇ ನಂಬಿಕೆ. ಗಂಡನ ಮನೆಗೆ ಹೊರಟಾಗ ಅವಳೇ ಒಂದು ಗಂಟು ಕಟ್ಟಿಕೊಟ್ಟಿದ್ದಳು. ಇಲ್ಲಿ ಬಂದ ಮೊದಲ ವಾರ ದರ್ಜಿಯ ಹೆಂಡತಿ ಅದನ್ನು ಕಂಡು, ನಿಮ್ಮೂರಲ್ಲಿ ಕೊಳೆ ಹೋಗಲಿ ಅಂತ ಮಣ್ಣು ಹಾಕ್ತಾರಾ ಎಂದು ನಕ್ಕಿದ್ದಳು. ಅವಳದು ಕೆಟ್ಟ ನಗುವಲ್ಲ. ಆದರೂ ನಾನು ಗಂಟನ್ನು ಸೌದೆಯ ಹಿಂದೆ ತಳ್ಳಿದೆ.

ಒಂದು ಹಿಡಿ ಮಣ್ಣು, ಬಿಸಿನೀರು. ಕಲೆ ಹೋಯಿತು. ಕಲೆಯ ಜೊತೆ ಸೀರೆಯೂ ಹೋಯಿತು.

ಇನ್ನು ಆ ಸೋಪಿನ ಕಥೆ ಹೇಳಬೇಕು. ಜೋಡಿಬಿಂದಿಗೆ ಯಾವ ದೊಡ್ಡ ಕಂಪನಿಯದೂ ಅಲ್ಲ. ನಮ್ಮೂರಿನ ಸ್ಟೇಷನ್ ರಸ್ತೆಯಲ್ಲಿ ಒಂದು ಹಂಚಿನ ಶೆಡ್ಡು, ಅದರಲ್ಲಿ ಗಂಡ ಹೆಂಡತಿ ಇಬ್ಬರೇ. ಹೊಂಗೆ ಎಣ್ಣೆಗೆ ಕಾಸ್ಟಿಕ್ ಸೋಡಾ ಕಲಸಿ, ಮರದ ಅಚ್ಚಿಗೆ ಹೊಯ್ದು, ತಂತಿಯಿಂದ ಕತ್ತರಿಸಿ, ಪ್ರತಿ ಬಿಲ್ಲೆಯ ಮೇಲೂ ಎರಡು ಬಿಂದಿಗೆಯ ಗುರುತು ಒತ್ತುತ್ತಿದ್ದರು. ಹೆಂಡತಿ ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು ಬೀದಿ ಬೀದಿಗೆ ಬರುತ್ತಿದ್ದಳು. ಎಲ್ಲರೂ ಅವಳನ್ನು ಸೋಪಿನಕ್ಕ ಅನ್ನುತ್ತಿದ್ದರು. ಬಿಲ್ಲೆ ಕಂದು ಬಣ್ಣ, ವಾಸನೆ ಸ್ವಲ್ಪ ಕಹಿ, ಆದರೆ ಕೈ ಉರಿಯುತ್ತಿರಲಿಲ್ಲ.

ಬೀದಿಗೆ ಅದನ್ನು ಹಚ್ಚಿಸಿದವಳೇ ನಮ್ಮತ್ತೆ. ನಾನು ಬರುವ ಮುಂಚೆ ಎಲ್ಲರೂ ಒಂದು ಕಂಪನಿಯ ನೀಲಿ ಬಾರ್ ಸೋಪು ಬಳಸುತ್ತಿದ್ದರಂತೆ. ಆಮೇಲಾಮೇಲೆ ಅದು ಅಂಗಡಿಯಲ್ಲಿ ಸಿಗದಾಯಿತು. ಸಿಕ್ಕರೂ ಅಂಗಡಿಯವನು, ಇದರ ಜೊತೆ ಇನ್ನೊಂದು ಸಾಮಾನು ತಗಂಡ್ರೆ ಮಾತ್ರ ಕೊಡ್ತೀನಿ ಅನ್ನುತ್ತಿದ್ದನಂತೆ. ಒಂದು ದಿನ ಅತ್ತೆ, ಆ ನೀಲಿ ಸೋಪು ನಮ್ಮ ಹೊಸಿಲು ದಾಟಬಾರದು, ಊರಿನ ಹೆಣ್ಣುಮಗಳು ಮಾಡೋದು ಇರುವಾಗ ಅವನ ಅಂಗಡಿ ಮುಂದೆ ಯಾಕೆ ನಿಲ್ಲಬೇಕು ಅಂದಳು. ಬೀದಿಯೆಲ್ಲ ಹಾಗೇ ಮಾಡಿತು. ಅತ್ತೆಯ ಮಾತಿಗೆ ಅಂಥ ತೂಕ.

ಅದಕ್ಕೇ ಸೀರೆ ಹಾಳಾದದ್ದಕ್ಕಿಂತ, ತಾನು ನೆಚ್ಚಿ ಹತ್ತು ಮನೆಗೆ ಕೊಡಿಸಿದ ಸೋಪು ಹಾಳು ಮಾಡಿತಲ್ಲ ಎಂಬುದು ಅವಳಿಗೆ ಹೆಚ್ಚು ನಾಟಿತು. ಕಾಸ್ಟಿಕ್ ಜಾಸ್ತಿ ಹಾಕಿದಾಳೆ ಅಂದಳು ದರ್ಜಿಯ ಹೆಂಡತಿ. ಇವತ್ತು ಸೀರೆ, ನಾಳೆ ಮಕ್ಕಳ ಮೈ ಅಂದಳು ಅಜ್ಜಿ. ಸಂಜೆಯೊಳಗೆ ಮಾತು ಬೀದಿಯ ಆ ತುದಿ ಮುಟ್ಟಿತ್ತು. ಬಹಿಷ್ಕಾರ ಎಂಬ ದೊಡ್ಡ ಶಬ್ದವನ್ನು ಯಾರೂ ಆಡಲಿಲ್ಲ. ಸುಮ್ಮನೆ ಕೊಳ್ಳುವುದನ್ನು ಬಿಟ್ಟರು. ನಾನು ಆ ಹೊತ್ತಿನಲ್ಲಿ ಅಡಿಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದೆ. ಹೊರಗೆ ಹೋಗಿ ಒಂದು ಮಾತು ಹೇಳಲು ಹೊಸಿಲು ದಾಟಿದ್ದರೆ ಸಾಕಿತ್ತು.

ಮೂರನೆಯ ದಿನ ಸೋಪಿನಕ್ಕ ಬಂದಳು. ಅತ್ತೆ ಎಂದಿನಂತೆ ಕುಂತ್ಕಳವ್ವ ಅನ್ನಲಿಲ್ಲ. ಸೋಪಿನಕ್ಕ ನಿಂತೇ ಸೀರೆ ತೋರಿಸಲು ಕೇಳಿದಳು. ಮುಟ್ಟಿ, ಮೂಸಿ, ಬಿಸಿಲಿಗೆ ಹಿಡಿದು ನೋಡಿದಳು. ತಾನು ಉಟ್ಟ ಸೀರೆಯನ್ನೇ ಇಲ್ಲಿ ಒಗೆದು ತೋರಿಸುತ್ತೇನೆ ಅಂದಳು. ಅತ್ತೆ, ಬೇಡಮ್ಮ, ಆಗಿದ್ದು ಆಯ್ತು ಅಂದು ಒಳಗೆ ಹೋದಳು. ಸೋಪಿನಕ್ಕ ನನ್ನ ಕಡೆ ನೋಡಿದಳು. ನಾನು ಬಾವಿಯ ಹಗ್ಗದ ಸಿಕ್ಕು ಬಿಡಿಸತೊಡಗಿದೆ. ಅದರಲ್ಲಿ ಸಿಕ್ಕೇ ಇರಲಿಲ್ಲ.

ಈಗ ಬೀದಿಗೆ ಬಟ್ಟೆ ಒಗೆಯಲು ಏನಾದರೂ ಬೇಕಲ್ಲ. ನೀಲಿ ಸೋಪಿಗೆ ತಿರುಗಿ ಹೋಗಲು ಅತ್ತೆಯ ಮಾತು ಅಡ್ಡ. ಅಂಟುವಾಳ ಕೆಲವು ದಿನ ನಡೆಯಿತು, ಅದನ್ನು ಕುಟ್ಟಿ ನೆನೆಸುವುದರಲ್ಲೇ ಹೊತ್ತು ಹೋಗುತ್ತಿತ್ತು. ಆಗ ದರ್ಜಿಯ ಹೆಂಡತಿಗೆ ನೆನಪಾಯಿತು. ನಿಮ್ಮ ಸೊಸೆ ಅದೇನೋ ಬಿಳಿ ಮಣ್ಣು ತಂದಿದ್ಲಲ್ಲ ಅಂದಳು. ಅತ್ತೆ ನನ್ನ ಕೇಳಿದಳು. ಇಲ್ಲ ಅನ್ನಲು ಯಾವ ಕಾರಣವೂ ಸಿಗಲಿಲ್ಲ. ಹೂಂ ಅತ್ತೆ, ತರಿಸಬಹುದು ಅಂದೆ.

ನನ್ನ ಗಂಡ ಖಾಸಗಿ ಬಸ್ಸಿನ ಕಂಡಕ್ಟರ್. ಹಿರಿಯೂರಿನಿಂದ ಬರುವ ಬಸ್ಸಿನವರಿಂದ ಚಿತ್ರದುರ್ಗದಲ್ಲಿ ಮೂಟೆ ಇಳಿಸಿಕೊಂಡು ತಂದರು. ಪಟ್ಟಣದವರು ನಮ್ಮ ಹಳ್ಳದ ಮಣ್ಣು ಕೇಳ್ತಾವ್ರೆ ಎಂದು ಅಪ್ಪ ಊರೆಲ್ಲ ಹೇಳಿಕೊಂಡು, ಕಲ್ಲು ಕಸ ಇಲ್ಲದ ಹಾಗೆ ಜರಡಿ ಹಿಡಿದು ಕಳಿಸಿದ್ದ. ಬೀದಿಯ ಹೆಂಗಸರು ಡಬ್ಬಿ, ತಂಬಿಗೆ ಹಿಡಿದು ಜಗಲಿಗೆ ಬಂದರು. ಬಿಳಿ ಬಟ್ಟೆ ಬೆಳ್ಳಗೆ ಬಂದವು. ಅಲ್ಲಿಯತನಕ ಸೊಸೆ ಎಂದಷ್ಟೇ ಇದ್ದ ನಾನು ಆ ಬೀದಿಗೆ ಬೇಕಾದವಳಾದೆ. ಅರಿಶಿನ ಕುಂಕುಮಕ್ಕೆ ನನ್ನನ್ನು ಮೊದಲು ಕರೆದರು. ದರ್ಜಿಯ ಹೆಂಡತಿ, ನಕ್ಕಿದ್ದೆ ಕಣವ್ವ, ಮನಸಲ್ಲಿ ಇಟ್ಕಬ್ಯಾಡ ಎಂದು ನನಗೊಂದು ರವಿಕೆ ಹೊಲಿಸಿಕೊಟ್ಟಳು. ಆ ರವಿಕೆ ತೊಟ್ಟಾಗಲೆಲ್ಲ ಕಂಕುಳಲ್ಲಿ ಬಿಗಿಯುತ್ತಿತ್ತು. ಹೊಲಿಗೆಯಲ್ಲಿ ಏನೂ ದೋಷವಿರಲಿಲ್ಲ.

ಇನ್ನೊಬ್ಬರ ಸೀರೆ ಹೋದರೆ ಎಂಬ ಭಯ ಮಾತ್ರ ನನ್ನ ಬಿಡಲಿಲ್ಲ. ಪ್ರತಿಯೊಬ್ಬರಿಗೂ ಮಣ್ಣು ಅಳೆದುಕೊಡುವಾಗ ಹೇಳುತ್ತಿದ್ದೆ: ಬಿಳಿ ಬಟ್ಟೆಗೆ ಮಾತ್ರ, ರೇಷ್ಮೆಗೆ ಮುಟ್ಟಿಸಬೇಡಿ.

ಹಾಗೆ ಹೇಳುತ್ತಿದ್ದ ಒಂದು ದಿನ ತಲೆಯೆತ್ತಿದರೆ ಜಗಲಿಯ ಕೆಳಗೆ ಸೋಪಿನಕ್ಕ ನಿಂತಿದ್ದಳು. ಬುಟ್ಟಿ ತುಂಬಿಯೇ ಇತ್ತು. ಉಳಿದವರು ಹೋಗುವತನಕ ಕಾದಳು.

"ತಂಗೀ, ರೇಷ್ಮೆಗೆ ಆಗಲ್ಲ ಅಂತ ನಿಮ್ಮೂರಾಗೆ ಹೇಳ್ತಾರಾ, ಇಲ್ಲ ನೀನೇ ನೋಡ್ದ್ಯಾ?"

"ನಮ್ಮೂರಾಗೆ ಹೇಳ್ತಾರಕ್ಕ."

"ಹಂಗಾ," ಅಂದಳು. ಬುಟ್ಟಿಯನ್ನು ಸೊಂಟ ಬದಲಿಸಿಕೊಂಡು ಹೋದಳು. ಅವಳಿಗೆ ತಿಳಿದುಹೋಯಿತು ಎಂದು ನನಗೂ ತಿಳಿಯಿತು. ಮೊದಲ ಸಲ ಹೇಳಿದ್ದು ಅರ್ಧ ನಿಜ. ಈ ಸಲದ್ದು ಪೂರಾ ಸುಳ್ಳು. ಅವಳು ಬೀದಿಯಲ್ಲಿ ನಿಂತು ಕೂಗಿ ಹೇಳಬಹುದಿತ್ತು. ಮದುವೆಯಾಗಿ ವರ್ಷ ತುಂಬದ ಹುಡುಗಿಯ ಬಾಳು ಹಾಳಾದೀತು ಎಂದುಕೊಂಡಳೋ, ಯಾರೂ ನಂಬಲಾರರು ಎಂದುಕೊಂಡಳೋ ಕಾಣೆ. ಮತ್ತೆ ಅವಳು ನಮ್ಮ ಬೀದಿಗೆ ಬರಲಿಲ್ಲ.

ಎರಡು ತಿಂಗಳು ಕಳೆದ ಮೇಲೆ ಅಪ್ಪನೇ ಮೂರನೆಯ ಮೂಟೆ ಹೊತ್ತು ಬಂದ. ಅತ್ತೆ ಅವನಿಗೆ ಕಂಬಳಿ ಹಾಸಿ ಕೂರಿಸಿ, ಮಜ್ಜಿಗೆ ಕೊಟ್ಟು, ನಿಮ್ಮ ಮಗಳಿಂದ ಬೀದಿಗೇ ಅನುಕೂಲ ಆಯ್ತು ಎಂದು ಹೊಗಳಿದಳು. ರೇಷ್ಮೆಗೆ ಆಗಲ್ಲ ಅಂತ ನಿಮ್ಮ ಹಿರಿಯರು ಎಷ್ಟು ತಿಳಿದು ಹೇಳಿದಾರೆ ನೋಡಿ ಅಂದಳು.

ಅಪ್ಪ ನಕ್ಕುಬಿಟ್ಟ. "ನಮ್ಮೂರಾಗೆ ರೇಷ್ಮೆ ಯಾರತ್ರ ಐತಕ್ಕ? ಹತ್ತಿ, ಕುರಿ ಉಣ್ಣೆ ಬಿಟ್ರೆ ನಾವು ಇನ್ನೊಂದು ನೂಲು ಕಂಡೋರಲ್ಲ. ಹಿರೇರು ಯಾಕೆ ಹೇಳ್ತಾರೆ?"

ನಾನು ಬಾಗಿಲ ಹಿಂದೆ ನಿಂತಿದ್ದೆ. ಅತ್ತೆ ತಿರುಗಿ ನನ್ನ ನೋಡಿದಳು. ಒಂದೇ ಸಲ. ಆಮೇಲೆ ಅಪ್ಪನ ಕಡೆ ತಿರುಗಿ ಕುರಿ ಹೆಂಗವೆ, ಈ ಸಲ ಶೇಂಗಾ ಹೆಂಗೈತೆ ಎಂದು ಕೇಳಿದಳು. ಮುದ್ದೆ, ಹುರುಳಿ ಸಾರು ತಾನೇ ಬಡಿಸಿದಳು. ಬಸ್ಸಿನತನಕ ಹೋಗಿ ಕಳಿಸಿ ಬಂದಳು. ಅಪ್ಪನಿಗೆ ಏನೂ ಗೊತ್ತಾಗದ ಹಾಗೆ ನೋಡಿಕೊಂಡಳಲ್ಲ, ಅವಳ ಯಾವ ಬೈಗುಳವೂ ನನ್ನನ್ನು ಅಷ್ಟು ಕುಗ್ಗಿಸುತ್ತಿರಲಿಲ್ಲ. ಅವಳು ಬೈಯಲೂ ಇಲ್ಲ.

ಮಾರನೆಯ ಬೆಳಿಗ್ಗೆ ಪೆಟ್ಟಿಗೆ ತೆಗೆದು ಆ ನೇರಳೆ ಸೀರೆಯನ್ನೇ ಉಟ್ಟಳು. ಬಿಳಿಚಿದ ಜಾಗ ನೆರಿಗೆಯಲ್ಲಿ ಅಡಗದೆ ಮುಂದೆಯೇ ಕಾಣುತ್ತಿತ್ತು. "ಬಾ," ಅಂದಳು ನನಗೆ. ಸ್ಟೇಷನ್ ರಸ್ತೆಗೆ ನಡೆದೆವು. ಶೆಡ್ಡಿಗೆ ಬೀಗ. ಪಕ್ಕದ ಹಿಟ್ಟಿನ ಗಿರಣಿಯವನು, ಅವರು ಹೋಗಿ ಇಪ್ಪತ್ತು ದಿನ ಆಯ್ತು, ಹೆಂಡತಿಯ ತವರು ಹೊಸದುರ್ಗದ ಕಡೆಯಂತೆ, ಸೋಪಿನ ಬಾಣಲೆಯನ್ನೂ ಮಾರಿ ಹೋದರು ಅಂದ. ಅತ್ತೆ ಬೀಗವನ್ನು ಸ್ವಲ್ಪ ಹೊತ್ತು ನೋಡಿದಳು. ಬರುವಾಗ ಬೀದಿಯ ಮೊದಲ ಮನೆಯಿಂದ ಹಿಡಿದು ಒಂದೊಂದು ಬಾಗಿಲಲ್ಲೂ ನಿಂತಳು. ಪ್ರತಿ ಮನೆಯಲ್ಲೂ ಅದೇ ಮಾತು: "ಸೋಪಿನಾಗೆ ತಪ್ಪಿರಲಿಲ್ಲ ಕಣ್ರವ್ವ. ತಪ್ಪು ನಮ್ಮನೇದು." ನನ್ನ ಕಡೆ ಒಬ್ಬರಿಗೂ ಬೆರಳು ತೋರಿಸಲಿಲ್ಲ. ನಾನು ಅವಳ ಹಿಂದೆ, ಆ ಬಿಳಿಚಿದ ನೆರಿಗೆಯನ್ನು ನೋಡದಿರಲು ಅವಳ ಹಿಮ್ಮಡಿಯನ್ನೇ ನೋಡುತ್ತ, ಮನೆಯಿಂದ ಮನೆಗೆ ನಡೆದೆ.

ಮಣ್ಣು ತರಿಸುವುದು ನಿಂತಿತು. ಬೀದಿ ಮೆಲ್ಲಗೆ ನೀಲಿ ಸೋಪಿಗೆ ಮರಳಿತು. ಅಷ್ಟರಲ್ಲಿ ಅಂಗಡಿಯಲ್ಲೂ ಧಾರಾಳವಾಗಿ ಸಿಗುತ್ತಿತ್ತು.

ಮೂರು ವರ್ಷದ ನಂತರ ನನ್ನ ಮಗನನ್ನು ಕರೆದುಕೊಂಡು ಹೊಸದುರ್ಗದ ಕಡೆಯ ಹಾಲುರಾಮೇಶ್ವರಕ್ಕೆ ಅತ್ತೆಯೂ ನಾನೂ ಹೋಗಿದ್ದೆವು. ದೇವರ ದರ್ಶನ ಮುಗಿಸಿ ಬರುವಾಗ ಮಗು ಬಾಳೆಹಣ್ಣು ಕಕ್ಕಿ ಅಂಗಿಯೆಲ್ಲ ಗಲೀಜು ಮಾಡಿಕೊಂಡಿತು. ಅತ್ತೆ ದೇವಸ್ಥಾನದ ಬಳಿಯೇ ಹಿಂದೆ ಉಳಿದಿದ್ದಳು. ದಾರಿಯ ಬದಿ ಹೊಲದ ಪಂಪ್‌ಸೆಟ್ಟಿನ ತೊಟ್ಟಿಯಲ್ಲಿ ಒಬ್ಬಳು ಬಟ್ಟೆ ಒಗೆಯುತ್ತಿದ್ದಳು. ಹತ್ತಿರ ಹೋದ ಮೇಲೆ ಗುರುತು ಸಿಕ್ಕಿತು. ಅವಳಿಗೂ ಸಿಕ್ಕಿತು. ಸೋಪಿನಕ್ಕ.

ನಾನು ಬಾಯಿ ತೆರೆದೆ. ಮೂರು ವರ್ಷದಿಂದ ಜೋಡಿಸಿಟ್ಟುಕೊಂಡ ಮಾತಿತ್ತು.

"ಮಗೀಗೆ ತಂಡಿ ಆಗ್ತೈತೆ," ಅಂದಳು ಅವಳು. "ಮೊದ್ಲು ಅಂಗಿ ಒಗಿ."

ಕಲ್ಲಿನ ಮೇಲಿದ್ದ ತನ್ನ ಸೋಪನ್ನು ನನ್ನ ಕಡೆ ಚಾಚಿದಳು. ಅದು ನೀಲಿ ಬಾರ್ ಸೋಪು. ಇಸಿದುಕೊಂಡು ಅಂಗಿ ಒಗೆದೆ.