ಅಂಗೈಯ ಗೆರೆಯೂ ಲಿನಕ್ಸಿನ ಪಟ್ಟಿಯೂ

ಕೈಗೆ ಸಿಕ್ಕಿಯೂ ನಾನು ಕದಿಯದೆ ಬಿಟ್ಟ ವಸ್ತು ಒಂದೇ: ನಕಲಿ ವಿಂಡೋಸ್. ಇದನ್ನು ಇದುವರೆಗೆ ಯಾರೂ ಹೊಗಳಿಲ್ಲವಾದ್ದರಿಂದ ನಾನೇ ಬರೆಯುತ್ತಿದ್ದೇನೆ.

ಐನಾಪುರದಲ್ಲಿ ಗಣಿತ ಕಲಿಸುವ ನಾನು ನಿಪ್ಪಾಣಿಯಿಂದ ಬರಿ ಲ್ಯಾಪ್‌ಟಾಪ್ ತಂದೆ. ಬರಿ ಎಂದರೆ, ಯಂತ್ರವಿದೆ, ಅದನ್ನು ನಡೆಸುವ ತಂತ್ರಾಂಶವಿಲ್ಲ. "ವಿಂಡೋಸ್ ಫುಕಟ ಹಾಕಿ ಕೊಡ್ತೇನ್ರಿ ಸರ, ಎಲ್ಲಾರೂ ಹಿಂಗ ಒಯ್ತಾರ," ಎಂದರು ಅಂಗಡಿಯವರು. ನಾವು ಜೈನರು, ಕದಿಯಬಾರದೆಂಬುದು ನಮ್ಮ ಐದು ಅಣುವ್ರತಗಳಲ್ಲಿ ಒಂದು. ಅಲ್ಲಿ ಹಾಗೆಯೇ ಹೇಳಿದೆ. ನಿಜ ಹೇಳಬೇಕೆಂದರೆ, 'ಲಿನಕ್ಸ್ ನಾನೇ ಹಾಕಿಕೊಂಡೆ' ಎಂದು ಸ್ಟಾಫ್ ರೂಮಿನಲ್ಲಿ ಮೆರೆಯುವ ಆಸೆಯಿತ್ತು. ಲಿನಕ್ಸ್ ಎಂದರೆ ವಿಂಡೋಸಿನ ಕೆಲಸವನ್ನೇ ಮಾಡುವ, ಯಾರು ಬೇಕಾದರೂ ಕಾಸಿಲ್ಲದೆ ಹಾಕಿಕೊಳ್ಳಬಹುದಾದ ತಂತ್ರಾಂಶ; ಕಂಪ್ಯೂಟರ್ ಮಾಸಿಕವೊಂದರ ಜೊತೆ ಅದರ ಸಿ.ಡಿ. ನ್ಯಾಯವಾಗಿಯೇ ಪುಕ್ಕಟೆ ಬಂದಿತ್ತು.

ಭಾನುವಾರ ಬೆಳಿಗ್ಗೆ ಅವಲಕ್ಕಿ ತಿಂದು ಕೂತೆ. ಅಂದು ಅವ್ವನ ಒಪ್ಪತ್ತು. ದಿನಕ್ಕೆ ಒಂದೇ ಊಟ, ಅದೂ ಹೊತ್ತು ಮುಳುಗುವುದರೊಳಗೆ. ರಜೆಯ ದಿನ ಮಗನನ್ನು ಬಿಟ್ಟು ಒಬ್ಬಳೇ ಉಣ್ಣುವ ರೂಢಿ ಅವಳಿಗಿಲ್ಲ. ಮಧ್ಯಾಹ್ನ ಕರೆದಳು. "ಐದ ನಿಮಿಷ ಅವ್ವಾ," ಎಂದೆ.

ಆಗ ನಾನು ಲಿನಕ್ಸಿಗೆ ಜಾಗ ಮಾಡಲು ಲ್ಯಾಪ್‌ಟಾಪಿನೊಳಗಿನ ಡಿಸ್ಕನ್ನು ಪಾಲು ಮಾಡುತ್ತಿದ್ದೆ. ಅಣ್ಣತಮ್ಮಂದಿರ ಹೊಲ ಪಾಲಾಗುವಾಗ ಸರ್ವೇಯರ್ ಆದರೂ ಬರುತ್ತಾನೆ. ಇಲ್ಲಿ ನಾನೇ ಅಣ್ಣ, ನಾನೇ ತಮ್ಮ, ಸರಪಳಿ ಹಿಡಿದವನೂ ನಾನೇ. ಎರಡು ಸಲ ತಪ್ಪಿ ಮೊದಲಿನಿಂದ ಶುರುಮಾಡಿದೆ. ಗಡಿಯಾರ ಹೊಂದಿಸಿಕೊಳ್ಳಲು, ನೀನು ಎಲ್ಲಿದ್ದೀ ಎಂದು ಲಿನಕ್ಸ್ ಭೂಪಟ ತೋರಿಸಿ ಕೇಳಿತು. ಇಡೀ ದೇಶಕ್ಕೆ ಇದ್ದದ್ದು ಕೋಲ್ಕತ್ತಾ ಒಂದೇ. ಒಪ್ಪಿಕೊಂಡೆ. ಕೊನೆಗೆ ತೆರೆಯ ಮೇಲೆ, ಕೆಲಸ ಎಷ್ಟಾಯಿತೆಂದು ತೋರಿಸುವ ಒಂದು ಪಟ್ಟಿ ಎಡದಿಂದ ಬಲಕ್ಕೆ ತುಂಬತೊಡಗಿತು. ಅದನ್ನು ನೋಡುವುದು ಬಿಟ್ಟರೆ ನನಗೆ ಮಾಡಲು ಕೆಲಸವೇನೂ ಇರಲಿಲ್ಲ. ಆದರೂ ಏಳಲಿಲ್ಲ.

ಅವ್ವ ಗಡಿಯಾರ ನಂಬುವವಳಲ್ಲ. ಅಂಗಳದಲ್ಲಿ ನಿಂತು ಅಂಗೈ ನೋಡಿಕೊಳ್ಳುತ್ತಾಳೆ. ಗೆರೆ ಕಂಡರೆ ಉಣ್ಣಬಹುದು, ಕಾಣದಿದ್ದರೆ ಇಲ್ಲ.

"ಏಳೋ ತಮ್ಮಾ, ಹೊತ್ತು ಮುಣಗಾಕತ್ತೈತಿ."

"ಐದ ನಿಮಿಷ."

ಪಟ್ಟಿ ತುಂಬಿತು. ಗೆದ್ದವನಂತೆ ಹೊರಗೆ ಬಂದೆ. ಅವ್ವ ಅಂಗೈಯನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದಳು.

"ಗೆರಿ ಕಾಣವಲ್ವು," ಎಂದಳು. ಒಳಗೆ ಹೋಗಿ ಎರಡೂ ತಾಟು ಮುಚ್ಚಿಟ್ಟಳು. ಇನ್ನು ನಾಳೆ ಹೊತ್ತು ಹುಟ್ಟುವವರೆಗೆ ಅವಳಿಗೆ ನೀರೂ ಇಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ನಿನ್ನ ಕೆಲಸ ಆತಿಲ್ಲೊ?" ಎಂದು ಕೇಳಿದಳು. ನನಗೆ ಬಹಳ ನಾಚಿಕೆಯಾಯಿತು. ನಾನೂ ಉಣ್ಣಲಿಲ್ಲ, ಆದರೆ ಬೆಳಗಿನ ಅವಲಕ್ಕಿ ಹೊಟ್ಟೆಯಲ್ಲಿಟ್ಟುಕೊಂಡು ಮಾಡಿದ್ದನ್ನು ಉಪವಾಸ ಎನ್ನಲಾಗದು.

ಸ್ಟಾಫ್ ರೂಮಿನಲ್ಲಿ ಲಿನಕ್ಸ್ ಬಗ್ಗೆ ಯಾರೂ ಕೇಳಲಿಲ್ಲ. ಲ್ಯಾಪ್‌ಟಾಪ್ ಮಾತ್ರ ಚೆನ್ನಾಗಿ ನಡೆಯುತ್ತಿದೆ. ಎಷ್ಟೋ ಸಂಜೆ, ಹೊಸದೇನೋ ಬಂದಿದೆ, ಈಗಲೇ ಹಾಕಲೋ ಆಮೇಲೋ ಎಂದು ಕೇಳುತ್ತದೆ. 'ಆಮೇಲೆ' ಒತ್ತಿ ಊಟಕ್ಕೆ ಏಳುತ್ತೇನೆ. ನಮ್ಮ ಮನೆಯಲ್ಲಿ ಹಸಿಯದೆ ಕಾಯುವುದು ಅದೊಂದೇ.