ಮರ ಬೇಕಾ, ಮಿಡಿ ಬೇಕಾ?

ನನ್ನ ಲ್ಯಾಪ್‌ಟಾಪಿಗೆ ನಾನು ಬಿಂದಿ ಇಟ್ಟಿದ್ದೇನೆ. ಅಲಂಕಾರಕ್ಕಲ್ಲ. ಪರದೆಯ ನೆತ್ತಿಯಲ್ಲಿ ಪುಟ್ಟದೊಂದು ಕ್ಯಾಮೆರಾ ಕಣ್ಣಿರುತ್ತದಲ್ಲ, ಅದನ್ನು ಮುಚ್ಚುವುದಕ್ಕೆ. ನಾನು ಎದುರಿಗೆ ಕೂತು ಮಕ್ಕಳಿಗೆ ಗಣಿತದ ಪ್ರಶ್ನೆಪತ್ರಿಕೆ ಟೈಪು ಮಾಡುತ್ತ, ನಡುನಡುವೆ ಆಕಳಿಸುತ್ತ, ತಲೆ ಕೆರೆದುಕೊಳ್ಳುತ್ತ ಇರುವುದನ್ನು ಯಾರೋ ಎಲ್ಲಿಂದಲೋ ನೋಡುವುದು ಬೇಡ ಎಂದು. ಆಕಳಿಸುವ ಹೈಸ್ಕೂಲು ಟೀಚರನ್ನು ನೋಡಿ ಯಾರಿಗೆ ಏನಾಗಬೇಕಿದೆ ಎಂದು ನೀವು ಕೇಳಬಹುದು. ನಮ್ಮ ಮನೆಯವರು ದಿನಾ ಕೇಳುತ್ತಾರೆ. "ಬಿಂದಿ ಇಟ್ಟಾಯ್ತು, ಇನ್ನು ಅದಕ್ಕೆ ಬಳೆ ತೊಡಿಸೋದೊಂದು ಬಾಕಿ" ಎನ್ನುತ್ತಾರೆ.

ನಾನು ಕಂಪ್ಯೂಟರ್ ಓದಿದವಳಲ್ಲ. ತೀರ್ಥಹಳ್ಳಿಯಲ್ಲಿ ಹುಟ್ಟಿ, ಹೊಸನಗರಕ್ಕೆ ಸೊಸೆಯಾಗಿ ಬಂದು, ಶಾಲೆಯಲ್ಲಿ ಪಾಠ ಹೇಳುತ್ತ ಇರುವಾಗ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಶಾಲೆಯ ಕಂಪ್ಯೂಟರಿನ ಮೇಲೆ ಕನಿಕರ ಹುಟ್ಟಿತು. ಕನಿಕರ ಪ್ರೀತಿಯಾಯಿತು, ಪ್ರೀತಿ ಹುಚ್ಚಾಯಿತು. ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ಹಂಚಿಕೊಳ್ಳಬಹುದಾದ ಮುಕ್ತ ತಂತ್ರಾಂಶವೇ ನನಗೆ ಬೇಕೆಂದು ಹಟ ಹಿಡಿದು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ಹಾಕಿದ ದಿನ ಅದರ ಧ್ವನಿ ನಿಂತುಹೋಯಿತು. ಅದನ್ನು ಸರಿಮಾಡಲು ಹೋಗಿ ಪರದೆ ತಲೆಕೆಳಗಾಯಿತು. ಕೆಲವು ದಿನ ನಾನು ಕತ್ತು ವಾರೆ ಮಾಡಿಕೊಂಡೇ ಕೆಲಸ ಮಾಡಿದೆ. ಆದರೂ ಅದು ನನ್ನದು ಎಂಬ ಹೆಮ್ಮೆ ಇತ್ತು. ನನ್ನದು ಎಂದಮೇಲೆ ತಲೆಕೆಳಗಾಗಿದ್ದರೇನು?

ಈ ಹುಚ್ಚಿನ ಇನ್ನೊಂದು ಲಕ್ಷಣ, ಕೇಳಿದಲ್ಲೆಲ್ಲ ಫೋನ್ ನಂಬರ್ ಕೊಡದಿರುವುದು. ಒಮ್ಮೆ ಸಾಗರದ ಬಟ್ಟೆ ಅಂಗಡಿಯಲ್ಲಿ ಸೀರೆ ತೆಗೆದುಕೊಂಡು ಬಿಲ್ಲಿಗೆ ನಿಂತಾಗ, "ಮೊಬೈಲ್ ನಂಬರ್ ಹೇಳಿ ಮೇಡಂ" ಎಂದರು. "ಸೀರೆ ಉಡೋಳು ನಾನು, ಫೋನಲ್ಲ" ಎಂದೆ. ಹಕ್ಕು, ಸಮ್ಮತಿ ಎಂದು ಇನ್ನೂ ಏನೇನೋ ಹೇಳುವುದಿತ್ತು. ಅಷ್ಟರಲ್ಲಿ ನನ್ನ ಬೆನ್ನ ಹಿಂದಿನಿಂದ ನಮ್ಮ ಮನೆಯವರು ನನ್ನ ನಂಬರನ್ನು ಮಗ್ಗಿ ಹೇಳಿದ ಹಾಗೆ ಗಟ್ಟಿಯಾಗಿ ಹೇಳಿ ಮುಗಿಸಿದ್ದರು. ಬಸ್ಸು ತಪ್ಪೀತು ಎಂಬ ಗಡಿಬಿಡಿ ಅವರಿಗೆ.

ಆ ಬಸ್ಸಿನಲ್ಲಿ ಇನ್ನೊಂದು ತಮಾಷೆ. ಪಕ್ಕದಲ್ಲಿ ಕೂತ ಹೆಂಗಸು ಬಟ್ಟೆಮಲ್ಲಪ್ಪ ಎಂಬ ಊರು ಬರುವುದರೊಳಗೆ ನನ್ನ ತವರು, ಗಂಡನ ಕೆಲಸ, ಮಗಳ ಓದು, ನನ್ನ ಮಂಡಿನೋವು ಎಲ್ಲವನ್ನೂ ಕೇಳಿ ತಿಳಿದುಕೊಂಡಳು. ಅಂಗಡಿಯವನಿಗೆ ನಂಬರು ಕೊಡದವಳು ಇವಳಿಗೆ ನನ್ನ ಜಾತಕವನ್ನೇ ಕೊಟ್ಟಿದ್ದೆ. ಇದೇನು ನನ್ನ ಸಿದ್ಧಾಂತ ಎಂದು ಒಂದು ಕ್ಷಣ ನಾಚಿಕೆಯಾಯಿತು. ಆಮೇಲೆ ಯೋಚಿಸಿದರೆ, ಅವಳೂ ತನ್ನ ಸೊಸೆಯ ಸಿಟ್ಟು, ತನ್ನ ಸಕ್ಕರೆ ಕಾಯಿಲೆ, ಮಾರಿದ ಎಮ್ಮೆ ಎಲ್ಲವನ್ನೂ ನನಗೆ ಹೇಳಿದ್ದಳು. ಅದು ಕೊಟ್ಟು ತೆಗೆದುಕೊಳ್ಳುವ ವ್ಯವಹಾರ. ಫೋನಿನೊಳಗಿನ ಕಂಪನಿ ನನ್ನ ಮಂಡಿನೋವನ್ನು ತಿಳಿದುಕೊಂಡು ತನ್ನ ಸೊಸೆಯ ಬಗ್ಗೆ ಚಕಾರ ಎತ್ತುವುದಿಲ್ಲ. ಮಾರನೆಯ ದಿನ ಮಂಡಿಪಟ್ಟಿಯ ಜಾಹೀರಾತು ಕಳಿಸುತ್ತದೆ, ಅಷ್ಟೆ.

ಈ ಮಾತನ್ನೆಲ್ಲ ನಾನು ಊರಿನಲ್ಲಿ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಖಾಸಗಿತನ ಎಂಬ ಶಬ್ದವೇ ಅವರಿಗೆ ಸರ್ಕಾರಿ ಕಾಗದದ ವಾಸನೆ ಹೊಡೆಯುತ್ತಿತ್ತೋ ಏನೋ. ಗೌಪ್ಯತೆ ಎಂದರೆ ಇನ್ನೂ ಕೆಟ್ಟಿತು, ಮತದಾನದ ದಿನ ಮಾತ್ರ ಹೊರಗೆ ತೆಗೆಯುವ ಶಬ್ದ ಅದು. ನಮ್ಮ ಹಳೆಯ ಮಾತು 'ಮರೆ' ಎಷ್ಟು ಚೆಂದ! ಬಚ್ಚಲಿಗೆ ಮರೆ, ಬಾಣಂತಿಗೆ ಮರೆ. ಮರೆ, ಮರ್ಯಾದೆ ಎಂಬ ಶಬ್ದಗಳಿಗೆ ಹುಟ್ಟಿನಿಂದ ಸಂಬಂಧವಿಲ್ಲ ಎಂದು ಬಲ್ಲವರು ಹೇಳುತ್ತಾರೆ. ಸಂಬಂಧ ಹುಟ್ಟಿನಿಂದಲೇ ಬರಬೇಕೆಂದೇನೂ ಇಲ್ಲ, ಬಳಕೆಯಿಂದಲೂ ಬರುತ್ತದೆ ಎಂದು ನನ್ನ ವಾದ.

ಕೊನೆಗೂ ನನ್ನ ಮಾತನ್ನು ಊರು ಕೇಳಿದ್ದು ಒಂದು ಮಿಕ್ಸರಿನ ದೆಸೆಯಿಂದ.

ನಮ್ಮ ಪಕ್ಕದ ಮನೆಯ ಸುಮತಕ್ಕ ಅಪ್ಪೆಮಿಡಿ ಉಪ್ಪಿನಕಾಯಿಗೆ, ಅಂದರೆ ಪರಿಮಳದ ಎಳೆಯ ಕಾಡುಮಾವಿನ ಉಪ್ಪಿನಕಾಯಿಗೆ, ಹೆಸರಾದವರು. ಕೇರಿಯ ಹೆಂಗಸರ ಸಂಘ ಪ್ರತಿ ಬೇಸಿಗೆಯಲ್ಲೂ ಅವರ ಜಗಲಿಯಲ್ಲೇ ಮಿಡಿಗೆ ಉಪ್ಪು ಹಾಕುವುದು. ಮೊದಮೊದಲು ನನ್ನೊಡನೆ ಪುಸ್ತಕದ ಕನ್ನಡ ಆಡುತ್ತಿದ್ದ ಅವರು ಈಗ ಸಲಿಗೆಯಾಗಿ ತಮ್ಮ ಮನೆಮಾತಿನಲ್ಲೇ ಮಾತಾಡುತ್ತಾರೆ. ಒಂದು ಸಂಜೆ ಬೇಲಿಯಾಚೆಯಿಂದ ಫೋನು ಚಾಚಿದರು.

"ಇದೊಂದು ಆ್ಯಪ್ ಹಾಕಿಕೊಡೆ ಮಾರಾಯ್ತಿ. ಮಿಡಿ ಗೊಂಚಲು ಹಿಡ್ಕಂಡು ಫೋಟೊ ಕಳಿಸಿದ್ರೆ ಮಿಕ್ಸರ್ ಕೊಡ್ತ್ವಡ."

ಯಾವುದೋ ದೊಡ್ಡ ಪೇಟೆಯ ಉಪ್ಪಿನಕಾಯಿ ಕಂಪನಿ ನಡೆಸುವ ಸ್ಪರ್ಧೆ. ಸಂಘದ ಹೆಂಗಸರಿಗೆಲ್ಲ ಅದೇ ಸಂದೇಶ ಬಂದಿತ್ತು. ಆ್ಯಪ್ ಇಳಿಸಿದೆ. 'ಒಪ್ಪುತ್ತೇನೆ' ಎಂಬ ಗುಂಡಿ ಬಂತು. ಅದರ ಮೇಲೆ ಇರುವೆ ಸಾಲಿನಂಥ ಅಕ್ಷರದಲ್ಲಿ ಷರತ್ತುಗಳು.

"ಓದದೆ ಒತ್ತಬಾರದು ಸುಮತಕ್ಕ" ಎಂದೆ.

"ಹಂಗಾರೆ ಓದು. ಎಂಗೊ ಕೇಳ್ತ್ಯ" ಎಂದರು.

ಓದು, ನಾವು ಕೇಳುತ್ತೇವೆ ಎಂದು ಜೀವಮಾನದಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಆ ಭಾನುವಾರ ಸುಮತಕ್ಕನ ಜಗಲಿಯಲ್ಲಿ ಷರತ್ತು ವಾಚನ ನಡೆಯಿತು. ನಾನು ಇಂಗ್ಲಿಷಿನ ಒಂದೊಂದು ಸಾಲನ್ನೂ ಓದಿ ಕನ್ನಡದಲ್ಲಿ ಅರ್ಥ ಹೇಳುವುದು, ಹೆಂಗಸರು ಮಿಡಿಯ ತೊಟ್ಟು ನೋಡಿ ಬೇರ್ಪಡಿಸುತ್ತ ಹೂಂಗುಟ್ಟುವುದು. ಗದ್ದೆ ಮನೆಯ ಗಿರಿಜಮ್ಮ ಮಾತ್ರ ನಡುನಡುವೆ ತಡೆದು ಪ್ರಶ್ನೆ ಹಾಕುತ್ತಿದ್ದರು. "'ಸಹಭಾಗಿಗಳೊಂದಿಗೆ ಹಂಚಿಕೊಳ್ಳಬಹುದು' ಅಂದ್ರೆ ಯಾರ ಜೊತೆ ಮೇಡಂ?" "ಅದನ್ನ ಅವರು ಬರೆದಿಲ್ಲ" ಎಂದೆ. "ಮದುವೆ ಕರೆಯೋಲೆಲಿ ಗಂಡಿನ ಹೆಸರೇ ಇಲ್ದಂಗೆ ಆಯ್ತಲ್ಲ!" ಎಂದು ಅವರು ನಕ್ಕರು.

ಹೀಗೆ ನಗುತ್ತ ಸಾಗುತ್ತಿದ್ದಾಗ ಒಂದು ಸಾಲು ಬಂತು. ಫೋಟೊ ತೆಗೆದ ಸ್ಥಳದ ವಿವರವನ್ನು ಕಂಪನಿ ಶಾಶ್ವತವಾಗಿ ಇಟ್ಟುಕೊಳ್ಳುತ್ತದೆ.

"ಸ್ಥಳ ಅಂದ್ರೆ ಎಂತು? ಹೊಸನಗರ ಹೇಳಿಯಾ?" ಊರಿನ ಹೆಸರಷ್ಟೇ ತಾನೆ ಎಂಬ ಧಾಟಿಯಲ್ಲಿ ಸುಮತಕ್ಕ ಕೇಳಿದರು.

ಹೇಳುವುದಕ್ಕಿಂತ ತೋರಿಸುವುದು ಸುಲಭ. ಅವರದೇ ಫೋನಿನಲ್ಲಿದ್ದ ಒಂದು ಕರುವಿನ ಫೋಟೊ ತೆರೆದು, ಅದು ತೆಗೆದ ಜಾಗವನ್ನು ನಕ್ಷೆಯಲ್ಲಿ ತೋರಿಸಿದೆ. ಕೆಂಪು ಗುರುತು ಅವರ ಕೊಟ್ಟಿಗೆಯ ಮಾಡಿನ ಮೇಲೇ ಕೂತಿತ್ತು.

"ಎನ್ನ ಕೊಟ್ಟಿಗೆನೂ ಗೊತ್ತಿದ್ದಾ ಇದಕ್ಕೆ!" ಎಂದ ಸುಮತಕ್ಕ ಕೈಯಲ್ಲಿದ್ದ ಮಿಡಿಯನ್ನು ಕೆಳಗಿಟ್ಟರು. ನಗುತ್ತಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರಿಗೂ ಒಮ್ಮೆಲೇ ಹೊಳೆದದ್ದು ಒಂದೇ, ಮರ. ಗೊಂಚಲು ಇಳಿಸಿದಲ್ಲೇ ನಿಂತು ಫೋಟೊ ತೆಗೆದರೆ ಆ ಕೆಂಪು ಗುರುತು ಮರದ ಮೇಲೂ ಕೂರುತ್ತದೆ.

ಹೊರಗಿನವರಿಗೆ ಇದು ತಿಳಿಯುವುದು ಕಷ್ಟ. ನಮ್ಮ ಕಡೆ ಒಳ್ಳೆಯ ಅಪ್ಪೆಮಿಡಿ ಮರ ಹಿತ್ತಲಲ್ಲಿ ಇರುವುದಿಲ್ಲ. ಕಾಡಿನ ನಡುವೆ, ಹಳ್ಳದ ದಂಡೆಯಲ್ಲಿ ತಾನಾಗಿ ಬೆಳೆದಿರುತ್ತದೆ. ಒಂದರ ಮಿಡಿಗೆ ಜೀರಿಗೆಯ ಪರಿಮಳ, ಇನ್ನೊಂದರದ್ದಕ್ಕೆ ಕರ್ಪೂರದ್ದು. ಸುಮತಕ್ಕನ ಮರ ಎಲ್ಲಿದೆ ಎಂದು ಅವರಿಗೆ ಹೇಳಿದ್ದು ಅವರ ಅತ್ತೆ. ಕೊಯ್ಯುವ ಒಬ್ಬ ನಂಬಿಕೆಯ ಆಳನ್ನು ಬಿಟ್ಟರೆ ಮನೆಯ ಗಂಡಸರಿಗೂ ಅದು ಗೊತ್ತಿಲ್ಲ. ಜಿಪುಣತನ ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಕಾರಣವನ್ನು ಅವತ್ತು ಗಿರಿಜಮ್ಮ ಹೇಳಿದರು. ಅವರ ತವರಿನ ಕಡೆ ಕರ್ಪೂರದ ವಾಸನೆಯ ಒಂದು ಮರ ಇತ್ತು. ಮಾತು ಬಾಯಿಂದ ಬಾಯಿಗೆ ಹೋಗಿ ಯಾರೋ ಗಾಡಿ ತಂದರು. ಮರ ಹತ್ತಿ ಗೊಂಚಲು ಗೊಂಚಲಾಗಿ ಇಳಿಸುವ ತಾಳ್ಮೆ ಅವರಿಗೆಲ್ಲಿ? ಟೊಂಗೆಗಳನ್ನೇ ಕಡಿದು ಕೆಳಗೆ ಹಾಕಿ ಮಿಡಿ ಆರಿಸಿಕೊಂಡು ಹೋದರು.

"ಬರೇ ಬೊಡ್ಡೆ ನಿಂತಿತ್ತು ಮೇಡಂ. ನಮ್ಮಮ್ಮ ಅದನ್ನ ನೋಡಿ ಬಂದು ಅವತ್ತು ಊಟ ಮಾಡ್ಲಿಲ್ಲ" ಎಂದರು ಗಿರಿಜಮ್ಮ.

ಖಾಸಗಿತನದ ಬಗ್ಗೆ ನಾನು ಓದಿದ ಲೇಖನಗಳಲ್ಲೆಲ್ಲೂ ಇಷ್ಟು ಚಿಕ್ಕ, ಇಷ್ಟು ಸ್ಪಷ್ಟ ವಿವರಣೆ ಸಿಕ್ಕಿರಲಿಲ್ಲ. ಮುಚ್ಚಿಡುವುದು ತಪ್ಪು ಮಾಡಿದವರು ಮಾತ್ರ ಎಂದು ಹೇಳುವವರನ್ನು ಆ ಜಗಲಿಗೆ ಕರೆತರಬೇಕಿತ್ತು.

ಹಾಗೆಂದು ಮಿಕ್ಸರ್ ಬಿಡಲು ಯಾರಿಗೂ ಮನಸ್ಸಿಲ್ಲ. ಫೋನಿನ ಸ್ಥಳ ಸೂಚಕವನ್ನು ಬಂದ್ ಮಾಡಿ ನೋಡಿದೆ. ಆ್ಯಪ್ ಹಟ ಹಿಡಿಯಿತು, ಜಾಗ ತೋರಿಸದೆ ಫೋಟೊ ತೆಗೆದುಕೊಳ್ಳುವುದಿಲ್ಲ ಎಂದಿತು. ಆಗ ನನ್ನೊಳಗಿನ ಪಂಡಿತೆ ಎದ್ದಳು. ಫೋನಿಗೆ ಸುಳ್ಳು ಸ್ಥಳ ತೋರಿಸುವ ಉಪಾಯವಿದೆ, ಅದಕ್ಕೆ ಮೊದಲು ಹೀಗೆ ಮಾಡಬೇಕು, ಆಮೇಲೆ ಹಾಗೆ ಮಾಡಬೇಕು ಎಂದು ಶುರುಮಾಡಿದೆ. ಒಬ್ಬೊಬ್ಬರೇ ಮಿಡಿಯ ಕಡೆ ತಿರುಗಿದರು.

"ಅಷ್ಟೆಲ್ಲ ಎಂತಕ್ಕೆ?" ಗಿರಿಜಮ್ಮ ಕೇಳಿದರು. "ಅವರು ಕೇಳಿದ್ದು ಗೊಂಚಲು ಹಿಡ್ಕೊಂಡ ಫೋಟೊ. ಬಸ್‌ಸ್ಟ್ಯಾಂಡಲ್ಲಿ ಹಿಡ್ಕೊಂಡ್ರೆ ಗೊಂಚಲು ಬ್ಯಾಡ ಅಂತದಾ?"

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಹೊಸನಗರದ ಬಸ್‌ಸ್ಟ್ಯಾಂಡಿಗೆ ಮದುವೆ ಕಳೆ ಬಂತು. ಹೆಂಗಸರು ಒಳ್ಳೆಯ ಸೀರೆ ಉಟ್ಟು, ಮಿಡಿಗೊಂಚಲು ಎತ್ತಿ ಹಿಡಿದು ಸಾಲಾಗಿ ನಿಂತರು. ನಾನು ಛಾಯಾಗ್ರಾಹಕಿ. ತೀರ್ಥಹಳ್ಳಿ ಬಸ್ಸಿನ ಕಂಡಕ್ಟರು ಸೀಟಿ ಬಾಯಲ್ಲಿಟ್ಟುಕೊಂಡೇ ಓಡಿಬಂದು, "ನಂದೂ ಒಂದು ಹೊಡೀರಿ ಮೇಡಂ, ನನ್ನ ಹೆಂಡ್ತಿಗೂ ಮಿಕ್ಸರ್ ಬೇಕಂತೆ" ಎಂದು ಸುಮತಕ್ಕನ ಗೊಂಚಲನ್ನು ಕಡ ಪಡೆದು ನಿಂತರು. ಬಸ್ಸಿನೊಳಗಿದ್ದವರೆಲ್ಲ ಕಿಟಕಿಯಿಂದ ಹಣಕಿ, "ಸ್ವಲ್ಪ ನಗ್ರೀ ಕಂಡಕ್ಟ್ರೇ" ಎಂದು ಕೂಗಿದರು. ಬಸ್ಸು ಹೊರಡುವುದು ತಡವಾಯಿತು. ಯಾರೂ ಬೈಯಲಿಲ್ಲ.

ಮಿಡಿಯ ಕಾಲ ಮುಗಿಯುವ ಮೊದಲೇ, ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬರುವಾಗ, ಬಸ್‌ಸ್ಟ್ಯಾಂಡಿನಲ್ಲಿ ಇಸ್ತ್ರಿ ಮಾಡಿದ ಶರ್ಟಿನ ಯುವಕರೊಬ್ಬರು ಫೋನು ಹಿಡಿದು ತಿರುಗುತ್ತಿದ್ದರು. ಟಿಕೆಟ್ ಕೌಂಟರಿನ ಹಿಂದೆ ಹೋಗಿ ಮೇಲೆ ನೋಡುವರು, ಶೌಚಾಲಯದ ಹಿಂದೆ ಹೋಗಿ ಮೇಲೆ ನೋಡುವರು. ಕೊನೆಗೆ ನನ್ನ ಹತ್ತಿರ ಬಂದು ಬಹಳ ವಿನಯದಿಂದ ಕೇಳಿದರು.

"ಮೇಡಂ, ಇಲ್ಲಿ ಅಪ್ಪೆಮಿಡಿ ತೋಪು ಎಲ್ಲಿದೆ? ಮ್ಯಾಪಲ್ಲಿ ಇಲ್ಲೇ ತೋರಿಸ್ತಾ ಇದೆ."

ನಗುವನ್ನು ನುಂಗಿಕೊಂಡು, "ತೋಪಿನ ಯಜಮಾನ್ತಿ ಹತ್ರ ಕರ್ಕೊಂಡು ಹೋಗ್ತೀನಿ ಬನ್ನಿ" ಎಂದೆ.

ಸುಮತಕ್ಕ ಅವರನ್ನು ಕೂರಿಸಿ, ಬಿಸಿಲಿಗೆ ಬಂದಿದ್ದೀರಿ ಎಂದು ಅಪ್ಪೆಹುಳಿ ಕುಡಿಯಲು ಕೊಟ್ಟರು. ಲೋಟ ಖಾಲಿಯಾಗುವುದರೊಳಗೆ ಅವರ ಊರು ದಾವಣಗೆರೆ ಕಡೆ, ತಾಯಿಗೆ ಬಿ.ಪಿ. ಇದೆ, ಇನ್ನೂ ಮದುವೆಯಾಗಿಲ್ಲ ಎಂಬುದೆಲ್ಲ ಹೊರಗೆ ಬಂತು. ಆಮೇಲೆ ಅವರೇ, ತಾವು ಆ ಉಪ್ಪಿನಕಾಯಿ ಕಂಪನಿಯವರು ಎಂದು ಹೇಳಿ ವಿಷಯಕ್ಕೆ ಬಂದರು. ಮರಗಳ ಜಾಗ ಗೊತ್ತಾದರೆ ಕಂಪನಿ ಗುತ್ತಿಗೆದಾರರನ್ನು ನೇರ ಕಳಿಸಿ ಕೊಯ್ಯಿಸುತ್ತದೆ, ಸ್ಪರ್ಧೆ ಮಾಡಿದ್ದೇ ಅದಕ್ಕೆ ಎಂದರು. ಸುಳ್ಳು ಹೇಳಲು ಬಾರದ ಮುಖ ಅವರದ್ದು.

ಸುಮತಕ್ಕ ಎರಡನೆಯ ಲೋಟ ತುಂಬಿಸಿ ಕೇಳಿದರು. "ತಮ್ಮಾ, ನಿಮಗೆ ಮರ ಬೇಕಾ, ಮಿಡಿ ಬೇಕಾ?"

ಅವರು ಲೋಟ ಹಿಡಿದುಕೊಂಡೇ ಯೋಚಿಸಿದರು. "ಮಿಡಿ ಅಮ್ಮ."

"ಮಿಡಿ ನಾವು ಕೊಡ್ತೀವಿ, ಉಪ್ಪು ಹಾಕಿಯೇ ಕೊಡ್ತೀವಿ. ಮರ ಕೊಡೋಕೆ ಅದು ನಮ್ಮದಲ್ಲ."

ಗಿರಿಜಮ್ಮನ ತವರಿನ ಮರದ ಕಥೆಯನ್ನು ನಾನು ಹೇಳಿದೆ. ಹೇಳುತ್ತ ಹೇಳುತ್ತ ಬಿಡಲಾರದೆ ಷರತ್ತುಗಳ ಸುದ್ದಿಯನ್ನೂ ತೆಗೆದೆ. "ನೀವು ಒಪ್ಪುತ್ತೇನೆ ಅನ್ನೋ ಗುಂಡಿ ಮಾತ್ರ ಇಟ್ಟಿದ್ದೀರಿ. ಒಪ್ಪದೆ ಇರೋಕೆ ಜಾಗ ಇಲ್ಲದಿದ್ದರೆ ಒಪ್ಪಿಗೆಗೆ ಏನು ಬೆಲೆ?" ಎಂದೆ. ತರಗತಿಯ ಧ್ವನಿ ಬಂದುಬಿಟ್ಟಿತು. ಪಾಪ, ಅವರು ಎದ್ದು ನಿಂತೇ ಉತ್ತರ ಕೊಟ್ಟರು. "ಆ್ಯಪ್ ನಾನು ಬರೆದಿದ್ದಲ್ಲ ಮೇಡಂ. ಆದ್ರೆ ನೀವು ಹೇಳಿದ್ದನ್ನ ಆಫೀಸಲ್ಲಿ ಹೇಳ್ತೀನಿ."

ಅಂಗಳಕ್ಕೆ ಹೋಗಿ ಬಹಳ ಹೊತ್ತು ಫೋನಿನಲ್ಲಿ ಮಾತಾಡಿದರು. ಅಷ್ಟರಲ್ಲಿ ಸುದ್ದಿ ಕೇಳಿ ಗಿರಿಜಮ್ಮನೂ ಬಂದು, ಒಳಗೆ ಸೌಟು ಹಿಡಿದು ಉಪ್ಪುನೀರು ಕದಡುತ್ತಿದ್ದರು. ಯುವಕರು ಒಳಗೆ ಬಂದು, "ಉಪ್ಪು ಹಾಕಿದ ಮಿಡಿ ನಿಮ್ಮಿಂದಲೇ ತಗೊಳ್ತಾರಂತೆ" ಎಂದಾಗ ಗಿರಿಜಮ್ಮ ಸೌಟನ್ನೇ ಇನ್ನೊಂದು ಅಂಗೈಗೆ ಚಪ್ಪಾಳೆಯಂತೆ ತಟ್ಟಿದರು. ಮುಂದಿನ ಬೇಸಿಗೆಗೆ ಆ ಆ್ಯಪ್ ಸ್ಥಳವನ್ನು ಕೇಳುವಾಗ 'ಇಷ್ಟವಿದ್ದರೆ' ಎಂಬ ಶಬ್ದವನ್ನು ಸೇರಿಸಿಕೊಂಡಿತು. ನನ್ನ ಭಾಷಣದಿಂದಲೋ ಅಪ್ಪೆಹುಳಿಯಿಂದಲೋ ಹೇಳಲಾರೆ. ಮಿಕ್ಸರು ಬಂದದ್ದು ಮಾತ್ರ ತೀರ್ಥಹಳ್ಳಿ ಬಸ್ಸಿನ ಕಂಡಕ್ಟರಿಗೆ. ಹೆಂಗಸರು ಕೆಲವು ದಿನ ಅವರ ಬಸ್ಸನ್ನೇ ಹತ್ತಲಿಲ್ಲ. ಕೊನೆಗೆ ಅವರ ಹೆಂಡತಿಯೇ ಬಂದು ಸಂಘ ಸೇರಿ, ಮಸಾಲೆ ಅರೆಯಲು ಮಿಕ್ಸರನ್ನು ಜಗಲಿಯಲ್ಲಿಟ್ಟ ಮೇಲೆ ರಾಜಿಯಾಯಿತು.

ಆ ಮುಂದಿನ ಬೇಸಿಗೆಯಲ್ಲೇ ಒಂದು ಸಂಜೆ ಸುಮತಕ್ಕ ಬೇಲಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು. "ನಾಳೆ ಬೆಳಿಗ್ಗೆ ಎನ್ನ ಜೊತಿಗೆ ಬತ್ಯಾ? ಫೋನು ಮನೇಲೇ ಇಟ್ಟಿಕ್ಕಿ ಬಾ."

ಹೋದೆವು. ಹಳ್ಳದ ನೀರು ಕಲ್ಲಿನ ಸಂದಿಯಲ್ಲಿ ಸಣ್ಣಗೆ ಹರಿಯುತ್ತಿತ್ತು. ಮರ ನಾನು ಎಣಿಸಿದ್ದಕ್ಕಿಂತ ದೊಡ್ಡದು, ಇಬ್ಬರು ತಬ್ಬಿದರೂ ಸಿಗದಷ್ಟು. ಸುಮತಕ್ಕ ಉದುರಿದ ಒಂದು ಮಿಡಿಯನ್ನು ಗೀರಿ ನನ್ನ ಮೂಗಿನ ಹತ್ತಿರ ಹಿಡಿದರು. ಈಗಷ್ಟೇ ಹುರಿದ ಜೀರಿಗೆ! ನಾನು ಮಗುವಿನ ಹಾಗೆ ಮರದ ಸುತ್ತ ತಿರುಗಿದೆ. ಫೋಟೊ ತೆಗೆಯಲು ಕೈ ತಾನಾಗಿ ಚೀಲಕ್ಕೆ ಹೋಗಿ ಬರಿದಾಗಿ ಬಂತು. ಇಬ್ಬರೂ ನಕ್ಕೆವು.

"ಮನೆಯವರಿಗೂ ಹೇಳದ್ದನ್ನ ನನಗೆ ಯಾಕೆ ತೋರಿಸಿದ್ರಿ ಸುಮತಕ್ಕ?" ಎಂದು ಕೇಳಿದೆ.

ಅವರು ಮಿಡಿಯನ್ನು ಸೆರಗಿಗೆ ಒರೆಸುತ್ತ ಹೇಳಿದರು. "ನೀನು ಒಂದಿನವೂ ಕೇಳಿದ್ದಿಲ್ಲೆ ಅಲ್ದಾ, ಅದ್ಕೇಯ."

ಬೇಲಿಯ ಹತ್ತಿರ ನಿಂತಾಗಲೆಲ್ಲ ಮರ ಎಲ್ಲಿದೆ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಯವರೆಗೆ ಬಂದು, ಕೇಳಲು ಧೈರ್ಯವಾಗದೆ ಹಿಂದಕ್ಕೆ ಹೋದದ್ದು ಎಷ್ಟು ಸಲವೋ ನನಗೇ ಗೊತ್ತಿಲ್ಲ. ಅದನ್ನು ಅವರಿಗೆ ಹೇಳಲಿಲ್ಲ. ಅಷ್ಟು ಮರೆ ನನಗೂ ಇರಲಿ ಎಂದು, ಹೊಗಳಿಕೆಯನ್ನು ಒಪ್ಪಿಕೊಂಡು, ಮಿಡಿ ಮೂಸುತ್ತ ಅವರ ಹಿಂದೆ ನಡೆದೆ.