ಎರಡು ಗಿಳಿ, ಒಂದು ಜಿಲೇಬಿ

ಐವತ್ತರ ದಶಕದ ನಡುವಿನಲ್ಲಿ ನಾನು ಕೊಯಮತ್ತೂರಿನ ಟಾಕೀಸುಗಳಿಗೆ ಜಾಹೀರಾತು ಸ್ಲೈಡ್ ಮಾಡಿಸಿಕೊಡುವ ಕಂಟ್ರಾಕ್ಟರ್ ಆಗಿದ್ದೆ. ಸ್ಲೈಡ್ ಎಂದರೆ ಅಂಗೈಯಗಲದ ಗಾಜು. ಅದರ ಮೇಲೆ ಬರೆದ ಚಿತ್ರವನ್ನು ಇಂಟರ್ವಲ್‌ನಲ್ಲಿ ತೆರೆಯ ಮೇಲೆ ಬಿಡುತ್ತಿದ್ದರು. ಗಿರಾಕಿಗಳ ಜೊತೆ ಚೌಕಾಸಿ ಮಾಡುತ್ತಲೇ ಕಲಿತ ಕಸುಬು.

ಹತ್ತಿರದ ನೇಕಾರರ ಊರು ಸಿರುಮುಗೈಯ ರಂಗಪ್ಪ, ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ ಆಡುವ ನೇಕಾರ, ಇದ್ದ ಮಗ್ಗಗಳನ್ನು ಮಾರಿ ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯಲ್ಲಿ ಹೋಟೆಲು ಇಟ್ಟಿದ್ದ. ಪಂಪ್ ವರ್ಕ್‌ಶಾಪಿನವರು ಟೀ ಕುಡಿದು ಹೋಗುತ್ತಿದ್ದರೇ ಹೊರತು ವ್ಯಾಪಾರ ಏಳಲಿಲ್ಲ. ಕೊನೆಗೆ ಪರದೆ ಕಟ್ಟಿ ಫ್ಯಾಮಿಲಿ ರೂಮ್ ಮಾಡಿದ. ಹೊಸದಾಗಿ ಮದುವೆಯಾದವರು ಸಿನಿಮಾ ಮುಗಿಸಿ ಅಲ್ಲಿಗೆ ಬರಬೇಕು. ಬಾರದಿದ್ದರೆ ಹೋಟೆಲು ಮುಚ್ಚಬೇಕು. ಅವರನ್ನು ಕರೆಯಲು ಒಂದು ಸ್ಲೈಡ್ ಬೇಕೆಂದು ನನ್ನ ಹತ್ತಿರ ಬಂದ.

“ಪ್ರೀತಿ ಕಾಣ್ಬೇಕಣ್ಣಾ. ಗಂಡು ಹೆಣ್ಣು ಕಾಣ್ಬಾರ್ದು. ನಮ್ದು ಮಾನವಾಗಿರೋ ಹೋಟ್ಲು,” ಎಂದ.

“ಹಂಗಾದ್ರೆ ಪರದೆಯನ್ನೇ ಬರೆಸ್ತೀನಿ ಬಿಡಪ್ಪ!” ಎಂದೆ.

ದಾರಿ ತೋರಿಸಿದ್ದು ಅವನ ಹೆಂಡತಿ ನಾಗಮ್ಮ. ಮದುವೆಗೆ ರಂಗಪ್ಪನೇ ನೇಯ್ದ ಸೀರೆಯ ಸೆರಗು ಹರಡಿದಳು: ಕೊಕ್ಕಿಗೆ ಕೊಕ್ಕು ಎದುರಾಗಿ ಕೂತ ಜೋಡಿ ಗಿಳಿ. “ಇವ್ರು ಬಾಯಲ್ಲಿ ಒಂದಿನಾನೂ ಹೇಳ್ಲಿಲ್ಲಣ್ಣಾ, ನೇಯ್ದು ಕೊಟ್ರು.”

ಆ ಕೊಕ್ಕುಗಳ ನಡುವೆ ಒಂದು ಜಿಲೇಬಿ ಸೇರಿಸಿ ಬರೆಸಿದೆ. ಹೋಟೆಲೂ ಆಯಿತು, ಒಲವೂ ಆಯಿತು. ಇಂದಿಗೂ ಹೇಳುತ್ತೇನೆ, ಚಿತ್ರ ಚೆನ್ನಾಗಿತ್ತು.

ಮೊದಲ ದಿನದ ಮ್ಯಾಟಿನಿಗೆ ಮೂವರೂ ಹೋದೆವು. ಗಿಳಿಗಳು ತೆರೆ ತುಂಬ ಮೂಡಿದವು. ನೆಲದ ಟಿಕೇಟಿನವನೊಬ್ಬ ತಮಿಳಿನಲ್ಲಿ ಕೂಗಿದ: “ಎಚ್ಚಿ ಜಿಲೇಬಿ ಒಣ್ಣು ಪಾರ್ಸಲ್!”

ಎಚ್ಚಿ ಎಂದರೆ ಎಂಜಲು, ಒಣ್ಣು ಎಂದರೆ ಒಂದು. ಟಾಕೀಸು ಗೊಳ್ಳೆಂದಿತು. ಒಂದೇ ತಿಂಡಿಗೆ ಇಬ್ಬರ ಬಾಯಿ! ಸೆರಗಿನ ಗಿಳಿಗಳ ಬಾಯಲ್ಲಿ ಏನೂ ಇರಲಿಲ್ಲ ಎಂಬುದು ನಮಗೆ ಆಗ ಹೊಳೆಯಿತು. ನಾಗಮ್ಮ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು.

ಮರುದಿನವೇ ಗಿಳಿಗೊಂದೊಂದು ಜಿಲೇಬಿ ಕೊಟ್ಟು ಬೇರೆ ಸ್ಲೈಡ್ ಬರೆಸಿದೆ. ಎಂಜಲು ಹೋಟೆಲು ಎಂಬ ಹೆಸರು ಅಷ್ಟರಲ್ಲಿ ಅಂಟಿತ್ತು. ಜೋಡಿಗಳು ಬರಲಿಲ್ಲ. ಟೀ ಕುಡಿಯುವವರು ಕೂಡ, “ಏನ್ ಗಿಳಿಯಣ್ಣಾ, ಲೋಟ ತೊಳೆದಿದೀಯಾ?” ಎಂದು ಕೇಳತೊಡಗಿದರು. ರಂಗಪ್ಪ ಎದುರಿಗೇ ಬಿಸಿನೀರಲ್ಲಿ ತೊಳೆದು ತೋರಿಸಿದ. ನಕ್ಕರು, ಪಕ್ಕದ ಅಂಗಡಿಗೆ ಹೋದರು. ದೀಪಾವಳಿಗೆ ಮೊದಲೇ ಬೀಗ ಬಿತ್ತು.

ಈ ಕಸುಬಿಗೆ ಬರುವವರಿಗೆ ನನ್ನದೊಂದು ಮಾತು: ತಿಂಡಿಯ ಚಿತ್ರವನ್ನು ಹೋಟೆಲಿನವನು ಒಪ್ಪಿದರೆ ಸಾಲದು. ತಿನ್ನಬೇಕಾದ ನಾಲ್ಕು ಜನಕ್ಕೆ ಮೊದಲು ತೋರಿಸಿ, ಅವರ ಮುಖ ನೋಡಿ. ಈ ಬುದ್ಧಿಯಿಂದ ಆಮೇಲೆ ಎಷ್ಟೋ ಹೋಟೆಲುಗಳಿಗೆ ಒಳ್ಳೆಯದಾಯಿತು. ರಂಗಪ್ಪನಿಗೆ ಆಗಲಿಲ್ಲ.

ಮುಂದೊಮ್ಮೆ ಸಿರುಮುಗೈಗೆ ಹೋದಾಗ ಅವನು ಬೇರೆಯವರ ಮಗ್ಗದಲ್ಲಿ ಕೂಲಿಗೆ ಕೂತಿದ್ದ. ಸೆರಗಿನಲ್ಲಿ ಜೋಡಿ ಗಿಳಿ ಏಳುತ್ತಿತ್ತು.

“ಮಗ್ಗದ ಯಜಮಾನ್ರಿಗೆ ಇದೇ ಬೇಕಂತಣ್ಣಾ,” ಎಂದ, ತಲೆಯೆತ್ತದೆ.